ತೋಟದ ಮಾತು, ಕಚೇರಿಯ ಮಾತು

ಕೆಮ್ಮಣ್ಣುಗುಂಡಿಯ ಬೆಟ್ಟವಿಳಿದು ಹೆಬ್ಬೆಯ ಅಬ್ಬಿಗೆ ಹೋಗುವ ದಾರಿ ಕಾಫಿ ತೋಟದ ನಡುವೆ ಹಾಯುತ್ತದೆ. ಹಣ್ಣು ಕೊಯ್ಯುವ ಕಾಲದಲ್ಲಿ ನಮ್ಮ ಗಿರಿಯ ಯಾವ ತೋಟದ ದಾರಿಯಲ್ಲಿ ನಿಂತು ಕಿವಿಗೊಟ್ಟರೂ ಮೊದಲು ಕೇಳಿಸುವುದು ಆಳುಗಳ ಮಾತು. ಗಿಡಗಳ ಒಂದು ಸಾಲಿನಲ್ಲಿ ಕನ್ನಡ, ಇನ್ನೊಂದರಲ್ಲಿ ತುಳು, ಮತ್ತೊಂದರಲ್ಲಿ ತಮಿಳು, ಬಯಲುಸೀಮೆಯ ತಾಂಡಾಗಳಿಂದ ಬಂದವರ ಲಂಬಾಣಿ. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದ ಕೂಲಿಗಾರರ ಮಾತೂ ಅದಕ್ಕೆ ಸೇರಿಕೊಂಡಿದೆ. ಕೊಯ್ಯುವವರ ಮಾತು ಹೀಗೆ ಹಲವು ಬಗೆಯದಾದರೂ ಅವರ ಹಣೆಬರಹವನ್ನು ಬರೆಯುವ ಮಾತು ಮಾತ್ರ ಒಂದೇ. ಬ್ಯಾಂಕಿನ ಸಾಲದ ಕರಾರು, ವಿಮೆಯ ಷರತ್ತು, ಹೈಕೋರ್ಟಿನ ತೀರ್ಪು, ಮಾಲೀಕರ ಮಕ್ಕಳು ಓದುವ ಶಾಲೆ, ಇವೆಲ್ಲವೂ ಇಂಗ್ಲಿಷಿನವು.

ದುಡಿಯುವವನ ಮಾತು ಬೇರೆ, ಆಳುವವನ ಮಾತು ಬೇರೆ ಎಂಬ ಈ ಏರ್ಪಾಡು ಯಾರ ಸಲುವಾಗಿ ಆದದ್ದು, ಅದನ್ನು ಮುರಿಯಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ತಿಳಿಯಬಯಸುವವರು ಹೈಟಿ ದೇಶದ ಚರಿತ್ರೆಯನ್ನೊಮ್ಮೆ ಓದಬೇಕು. ತರೀಕೆರೆಯವರಿಗೂ ಕಡೂರಿನವರಿಗೂ ಹೈಟಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಮೊದಲ ಕಾರಣ ಕಾಫಿ. ಬಾಬಾಬುಡನ್ ಅವರು ಅರಬಸ್ತಾನದಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟರೆಂಬ ಪ್ರತೀತಿ ನಮ್ಮಲ್ಲಿ ಮನೆಮಾತು. ಇಲ್ಲಿ ಇಂಗ್ಲಿಷ್ ದೊರೆಗಳು ದೊಡ್ಡ ತೋಟಗಳನ್ನು ಎಬ್ಬಿಸುವುದಕ್ಕೆ ಎಷ್ಟೋ ಮೊದಲೇ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಜಗತ್ತಿನ ಕಾಫಿಯಲ್ಲಿ ಹೆಚ್ಚುಕಡಿಮೆ ಅರ್ಧಪಾಲನ್ನು ಬೆಳೆಯುತ್ತಿದ್ದದ್ದು ಹೈಟಿ. ಎರಡನೆಯ ಕಾರಣ, ತೋಟದ ಆಳಿನ ಮಾತು ಸಾಹಿತ್ಯವಾಗಿ, ಕಾನೂನಾಗಿ ತಲೆಯೆತ್ತಿದ ಕಥೆ ಅಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಆ ಮಾತಿನಲ್ಲಿ ಮೊಟ್ಟಮೊದಲ ಕಾದಂಬರಿ ಬರೆದ ಫ್ರಾಂಕೇಟಿಯೆನ್ ೨೦೨೫ರ ಫೆಬ್ರವರಿ ೨೦ರಂದು ತೀರಿಕೊಂಡರು. ಅವರ ನೆನಪಿಗಾದರೂ ಈ ಕಥೆಯನ್ನು ಹೇಳತಕ್ಕದ್ದು.

ಗುಲಾಮರ ಮಾತು

ಹೈಟಿ ವೆಸ್ಟ್ ಇಂಡೀಸಿನ ಒಂದು ದ್ವೀಪದ ಪಡುವಣ ಭಾಗ. ಫ್ರೆಂಚರ ವಸಾಹತಾಗಿದ್ದಾಗ ಅಲ್ಲಿ ಸುಮಾರು ಐದು ಲಕ್ಷ ಗುಲಾಮರು ಕಬ್ಬಿನ ಗದ್ದೆಗಳಲ್ಲಿಯೂ ಕಾಫಿ ತೋಟಗಳಲ್ಲಿಯೂ ದುಡಿದು ಸಾಯುತ್ತಿದ್ದರು. ಅವರನ್ನು ಆಫ್ರಿಕದ ಬೇರೆ ಬೇರೆ ನಾಡುಗಳಿಂದ ಹಿಡಿದು ತಂದಿದ್ದರು. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದು. ದೊರೆಯ ಬಾಯಿಂದ ಬಿದ್ದ ಫ್ರೆಂಚ್ ಪದಗಳನ್ನೇ ಆಯ್ದು, ತಮ್ಮದೇ ಆದ ವ್ಯಾಕರಣಕ್ಕೆ ಒಗ್ಗಿಸಿ, ಆ ಜನ ಒಂದು ಹೊಸ ಭಾಷೆಯನ್ನು ಕಟ್ಟಿಕೊಂಡರು. ಅದೇ ಕ್ರಿಯೋಲ್. ದೊರೆಗಳು ಅದನ್ನು ಕುಲಗೆಟ್ಟ ಫ್ರೆಂಚ್ ಎಂದು ಹಳಿದರು. ಆದರೆ ೧೭೯೧ರ ಆಗಸ್ಟಿನಲ್ಲಿ ಗುಲಾಮರು ದಂಗೆಯೆದ್ದಾಗ ಅವರನ್ನು ಒಂದುಗೂಡಿಸಿದ ಮಾತು ಅದೇ.

ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಸಂಗತಿಯಿದೆ. ೧೭೯೩ರಲ್ಲಿ ಫ್ರೆಂಚ್ ಕಮಿಷನರ್ ಸೋಂತೊನಾಕ್ಸ್ ಗುಲಾಮಗಿರಿಯನ್ನು ರದ್ದುಪಡಿಸುವ ಘೋಷಣೆ ಹೊರಡಿಸಿದಾಗ ಅದನ್ನು ಕ್ರಿಯೋಲಿನಲ್ಲಿಯೂ ಪ್ರಕಟಿಸಿದ. ಮುಂದೆ ೧೮೦೧ರಲ್ಲಿ ನೆಪೋಲಿಯನ್ ಆ ದ್ವೀಪವನ್ನು ಮತ್ತೆ ಬಗ್ಗಿಸಲು ಸೈನ್ಯ ಕಳುಹಿಸಿದಾಗ, ಜನರನ್ನು ನಂಬಿಸುವ ಅವನ ಘೋಷಣೆಯೂ ಕ್ರಿಯೋಲಿನಲ್ಲಿ ಅಚ್ಚಾಗಿತ್ತು. ಜನರಿಂದ ಕೆಲಸವಾಗಬೇಕಾದಾಗ ಆಳುವವರು ಜನರ ಮಾತನ್ನು ಚೆನ್ನಾಗಿಯೇ ಆಡುತ್ತಾರೆ! ಆದರೆ ಆ ಸೈನ್ಯವನ್ನು ಸೋಲಿಸಿ, ೧೮೦೪ರ ಜನವರಿ ೧ರಂದು ಹೈಟಿ ಸ್ವತಂತ್ರವಾಯಿತೆಂದು ದೆಸಾಲಿನ್ ಸಾರಿದಾಗ ಆ ಘೋಷಣೆಯನ್ನು ಬರೆದದ್ದು ಫ್ರೆಂಚಿನಲ್ಲಿ. ಪ್ರಾಣ ಕೊಟ್ಟು ಗೆದ್ದ ಜನರಲ್ಲಿ ಬಹುಮಂದಿಗೆ ತಮ್ಮ ಸ್ವಾತಂತ್ರ್ಯದ ಪತ್ರವನ್ನು ಓದಿಸಿ ಕೇಳಿದರೂ ತಿಳಿಯುವಂತಿರಲಿಲ್ಲ.

ದೊರೆ ಹೋದ, ದೊರೆಯ ಮಾತು ಉಳಿಯಿತು. ಅದನ್ನು ಬಲ್ಲವರು ಪಟ್ಟಣಗಳಲ್ಲಿ ಕುಳಿತು ಹೊಸ ದೊರೆಗಳಾದರು. ಕಾನೂನು, ಕೋರ್ಟು, ಶಾಲೆ ಎಲ್ಲವೂ ಫ್ರೆಂಚಾದವು. ಹೊರಗಿನಿಂದ ಫ್ರಾನ್ಸು ಬೇರೆ ಕುತ್ತಿಗೆ ಹಿಡಿಯಿತು. ತೋಟಗಳನ್ನೂ ಗುಲಾಮರನ್ನೂ ಕಳೆದುಕೊಂಡ ದೊರೆಗಳಿಗೆ ಪರಿಹಾರವೆಂದು ಹದಿನೈದು ಕೋಟಿ ಫ್ರಾಂಕ್ ಕೊಡಬೇಕೆಂದು ೧೮೨೫ರಲ್ಲಿ ಯುದ್ಧನೌಕೆಗಳನ್ನು ನಿಲ್ಲಿಸಿ ಒಪ್ಪಿಸಿಕೊಂಡಿತು. ೧೮೩೮ರಲ್ಲಿ ಅದನ್ನು ಒಂಬತ್ತು ಕೋಟಿಗೆ ಇಳಿಸಿದರೂ, ಅದಕ್ಕಾಗಿ ಎತ್ತಿದ ಸಾಲದ ಹೊರೆ ೧೯೪೭ರವರೆಗೆ ತೀರಲಿಲ್ಲ. ಬಿಡುಗಡೆಯಾದ ಗುಲಾಮನೇ ತನ್ನ ಮೈಯ ಬೆಲೆಯನ್ನು ದೊರೆಗೆ ಕಟ್ಟಿದ ಈ ಅನ್ಯಾಯಕ್ಕೆ ಚರಿತ್ರೆಯಲ್ಲಿ ಜೋಡಿಯಿಲ್ಲ. ಆ ಹಣವನ್ನು ಬೆವರು ಸುರಿಸಿ ಬೆಳೆದು ಕೊಟ್ಟವನು ಕ್ರಿಯೋಲ್ ಆಡುವ ಕಾಫಿ ಬೆಳೆಗಾರ. ಲೆಕ್ಕ ಬರೆದವನು ಫ್ರೆಂಚ್ ಬಲ್ಲ ಅಧಿಕಾರಿ.

ಹೈಟಿಯ ಸಾಹಿತ್ಯವೂ ಬಹುಕಾಲ ಇದೇ ದಾರಿಯಲ್ಲಿ ನಡೆಯಿತು. ಪ್ಯಾರಿಸಿನ ಕವಿಗಳು ಬರೆದಂತೆ ಬರೆಯುವುದೇ ಪಾಂಡಿತ್ಯವೆನಿಸಿತ್ತು. ೧೮೮೩ರಲ್ಲಿ ಓಸ್ವಾಲ್ಡ್ ಡ್ಯುರಾಂಡ್ ಕ್ರಿಯೋಲಿನಲ್ಲಿ ಬರೆದ 'ಶುಕೂನ್' ಎಂಬ ಪದ್ಯ ಜನರ ಬಾಯಲ್ಲಿ ಹಾಡಾಗಿ ಹರಡಿತಾದರೂ, ಅದು ಕವಿಯ ವಿನೋದವೆಂದು ಪಂಡಿತರು ಸುಮ್ಮನಾದರು. ಅವರ ಕಣ್ಣು ತೆರೆಸಿದ್ದು ಪರರ ಬೂಟು. ೧೯೧೫ರಲ್ಲಿ ಅಮೆರಿಕದ ಸೈನ್ಯ ಬಂದಿಳಿದು ೧೯೩೪ರವರೆಗೆ ಹೈಟಿಯನ್ನು ಆಳಿತು. ಫ್ರೆಂಚ್ ಕಲಿತ ಬಾಬುವಿಗೂ ಬರಿಗಾಲ ರೈತನಿಗೂ ಆ ಸೈನಿಕರು ಒಂದೇ ಬೈಗುಳ ಬೈದರು. ಆಗ ೧೯೨೮ರಲ್ಲಿ ಝಾಂ ಪ್ರೈಸ್ ಮಾರ್ಸ್ ಎಂಬ ವೈದ್ಯರು ಒಂದು ಗ್ರಂಥ ಬರೆದು, ನಮ್ಮ ಸಂಸ್ಕೃತಿ ಪ್ಯಾರಿಸಿನಲ್ಲಿಲ್ಲ, ನಮ್ಮ ಹಳ್ಳಿಯವರ ಕಥೆ, ಒಗಟು, ಹಾಡು, ನಂಬಿಕೆಗಳಲ್ಲಿದೆ ಎಂದು ತೋರಿಸಿಕೊಟ್ಟರು. ಅಲ್ಲಿಯ ಹಳ್ಳಿಗಳಲ್ಲಿ ಕಥೆಗಾರ 'ಕ್ರಿಕ್' ಎಂದು ಕೇಳುತ್ತಾನೆ. ಕುಳಿತವರು 'ಕ್ರಾಕ್' ಎನ್ನದೆ ಕಥೆ ಶುರುವಾಗದು. ನಮ್ಮಲ್ಲಿ ಅಜ್ಜಿಯ ಕಥೆಗೆ ಮೊಮ್ಮಕ್ಕಳು ಹೂಂಗುಟ್ಟಬೇಕಲ್ಲವೆ? ಹಾಗೆಯೇ.

ಆಮೇಲೆ ಬಂದ ಝಾಕ್ ರೂಮೇನ್ ಸಿರಿವಂತರ ಮನೆಯ ಮಗನಾದರೂ ೧೯೩೪ರಲ್ಲಿ ಹೈಟಿಯ ಕಮ್ಯೂನಿಸ್ಟ್ ಪಕ್ಷವನ್ನು ಕಟ್ಟಿ ಸೆರೆಮನೆ ಕಂಡವನು. ಅವನು ತೀರಿಕೊಂಡ ೧೯೪೪ರಲ್ಲೇ ಹೊರಬಂದ ಅವನ ದೊಡ್ಡ ಕಾದಂಬರಿ ಬರಗಾಲದ ಹಳ್ಳಿಯೊಂದರ ಕಥೆ. ಕ್ಯೂಬಾದ ಕಬ್ಬಿನ ಗದ್ದೆಗಳಲ್ಲಿ ಕೂಲಿ ಮಾಡಿ ಊರಿಗೆ ಹಿಂದಿರುಗಿದ ಯುವಕನೊಬ್ಬ ನೀರಿನ ಸೆಲೆಯನ್ನು ಹುಡುಕಿ, ಹಗೆಯಿಂದ ಒಡೆದ ಊರನ್ನು ಕೂಡಿಸಿ ಆ ನೀರನ್ನು ಹೊಲಕ್ಕೆ ತರುವ ದಾರಿ ತೋರುತ್ತಾನೆ. ನಮ್ಮ ಕಡೆಯ ಮುಯ್ಯಾಳಿನಂಥ ಕೂಡುದುಡಿಮೆಯೇ ಆ ಕಥೆಯ ಜೀವ. ಭಾಷೆ ಫ್ರೆಂಚೇ, ಆದರೆ ಅದರೊಳಗೆ ಕ್ರಿಯೋಲಿನ ಉಸಿರು ತುಂಬಿದೆ. ೧೯೫೩ರಲ್ಲಿ ಮೋರಿಸೋ ಲೆರ್ವಾ ಎಂಬ ಕವಿ ಇನ್ನೊಂದು ಹೆಜ್ಜೆ ಮುಂದಿಟ್ಟು ಗ್ರೀಕರ 'ಆಂಟಿಗೊನೆ' ನಾಟಕವನ್ನು ಹೈಟಿಯ ಹಳ್ಳಿಗೆ ತಂದು ಕ್ರಿಯೋಲಿನಲ್ಲಿಯೇ ಆಡಿಸಿದರು. ಅಡುಗೆಮನೆಯ ಮಾತೆಂದು ಹಳಿದವರೆದುರಿಗೆ ಆ ಮಾತು ಸೋಫೊಕ್ಲಿಸನ ಭಾರವನ್ನು ಹೊತ್ತು ನಿಂತಿತು. ೧೯೭೫ರಲ್ಲಿ ಫ್ರಾಂಕೇಟಿಯೆನ್ನರ 'ದೆಝಾಫಿ' ಬಂತು. ಕ್ರಿಯೋಲಿನ ಮೊದಲ ಕಾದಂಬರಿ. ಜೀವಂತ ಶವಗಳಂತೆ ದುಡಿಯುತ್ತಿರುವ ಆಳುಗಳು ಉಪ್ಪಿನ ರುಚಿ ಕಂಡು ಎಚ್ಚೆತ್ತು ಒಡೆಯನ ಮೇಲೆ ತಿರುಗಿ ಬೀಳುವ ಕಥೆ ಅದು. ದುವಾಲಿಯೇ ವಂಶದ ಸರ್ವಾಧಿಕಾರದ ಕಾಲದಲ್ಲಿ ಆ ಉಪ್ಪು ಯಾವುದೆಂದು ಜನಕ್ಕೆ ಬಿಡಿಸಿ ಹೇಳಬೇಕಾಗಿರಲಿಲ್ಲ.

೧೯೭೯ರಲ್ಲಿ ಕ್ರಿಯೋಲ್ ಶಾಲೆಯೊಳಕ್ಕೆ ಬಂತು. ೧೯೮೭ರ ಸಂವಿಧಾನದಲ್ಲಿ ಫ್ರೆಂಚಿನ ಪಕ್ಕದಲ್ಲಿ ರಾಜ್ಯಭಾಷೆಯಾಯಿತು. ಸ್ವಾತಂತ್ರ್ಯ ಬಂದ ದಿನದಿಂದ ಲೆಕ್ಕ ಹಾಕಿದರೆ ನೂರ ಎಂಬತ್ತಮೂರು ವರ್ಷ! ಇಂದಿಗೂ ಅಲ್ಲಿ ಫ್ರೆಂಚ್ ಬಲ್ಲ ಸಣ್ಣ ಗುಂಪಿನದೇ ಮೇಲುಗೈ. ಹಾಗೆಂದು ಕ್ರಿಯೋಲಿಗೆ ಮನ್ನಣೆ ದೊರೆತ ಮಾತ್ರಕ್ಕೆ ಹೈಟಿಯ ಹೊಟ್ಟೆ ತುಂಬಿತೆಂದು ನಾವು ಹೇಳುವುದಿಲ್ಲ. ಆ ದೇಶ ಹಸಿವು, ಕೊಲೆಗಡುಕರ ಪಡೆಗಳು, ಕುಸಿದ ಸರ್ಕಾರಗಳ ನಡುವೆ ನರಳುತ್ತಿರುವುದು ಎಲ್ಲರೂ ಬಲ್ಲ ಸಂಗತಿ. ಭಾಷೆಯೊಂದೇ ಅನ್ನವಾಗದು. ಆದರೆ ಅನ್ನ ಕೇಳುವ ಮಾತನ್ನೇ ಕಚೇರಿಯ ಬಾಗಿಲಲ್ಲಿ ತಡೆದರೆ ಅನ್ನದ ಹೋರಾಟವೂ ನಡೆಯದು. ಹೈಟಿ ಕಲಿಸುವ ಪಾಠ ಇದು.

ನಮ್ಮ ಕೊಳಗ

ಈಗ ನಮ್ಮ ಮನೆಗೆ ಬರೋಣ. ಕನ್ನಡ ಕ್ರಿಯೋಲಿನಂತೆ ಬರಹ ಕಾಣದ ಮಾತಾಗಿರಲಿಲ್ಲ. ತರೀಕೆರೆಯ ಬಳಿಯ ಅಮೃತಾಪುರದ ದೇವಸ್ಥಾನದಲ್ಲಿ ನಿಂತಿರುವ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ. ಹೊಯ್ಸಳ ವೀರಬಲ್ಲಾಳನ ಕಾಲದ್ದು, ೧೧೯೬ನೆಯ ಇಸವಿಯದು. ಜೈಮಿನಿ ಭಾರತದ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನೆಂಬ ನಂಬಿಕೆ ನಮ್ಮ ಜನರದು. ಸಣ್ಣ ಕಥೆಗಳಿಂದ ಹೆಸರಾದ 'ಆನಂದ'ರು ಅಜ್ಜಂಪುರದ ಸೀತಾರಾಮರು. ಇಂಥ ನಾಡಿನಲ್ಲಿ ಕನ್ನಡ ಬಲ್ಲವನು ಕಚೇರಿಯೆದುರು ಕೈಕಟ್ಟಿ ನಿಲ್ಲುವ ಸ್ಥಿತಿ ಬಂದದ್ದು ಕನ್ನಡಕ್ಕೆ ಶಕ್ತಿಯಿಲ್ಲದ್ದರಿಂದಲ್ಲ. ಶಕ್ತಿಯಿರುವವರು ಕನ್ನಡವನ್ನು ಬಿಟ್ಟದ್ದರಿಂದ.

೧೯೫೧ರ ಕಾಗೋಡಿನ ಹೋರಾಟವನ್ನು ಸಮಾಜವಾದಿಗಳಾದ ನಾವು ಮರೆಯುವಂತಿಲ್ಲ. ಅಲ್ಲಿ ಗೇಣಿದಾರರ ಮುಖ್ಯ ತಕರಾರುಗಳಲ್ಲೊಂದು ಕೊಳಗದ ಅಳತೆ. ಗೇಣಿ ಅಳೆಸಿಕೊಳ್ಳುವಾಗ ಒಡೆಯರ ಕೊಳಗ ದೊಡ್ಡದಾಗುತ್ತಿತ್ತು. ಬೆಳೆದವನು ಎಷ್ಟು ಬೆಳೆದರೇನು, ಕೊಳಗ ಒಡೆಯನ ಕೈಯಲ್ಲಿರುವ ತನಕ ಅವನ ಪಾಲು ಕಡಮೆಯೇ. ಸ್ವತಂತ್ರ ಭಾರತದಲ್ಲಿ ಇಂಗ್ಲಿಷ್ ಅಂಥದೊಂದು ಕೊಳಗ. ಬುದ್ಧಿಯನ್ನು, ಯೋಗ್ಯತೆಯನ್ನು, ನ್ಯಾಯವನ್ನು ಅದರಿಂದಲೇ ಅಳೆಯುತ್ತಾರೆ. ಆ ಕೊಳಗ ಕೆಲವೇ ಮನೆಗಳ ಅಟ್ಟದ ಮೇಲಿದೆ. ಕಾಗೋಡಿಗೆ ಬಂದು ಬಂಧನಕ್ಕೊಳಗಾದ ಡಾಕ್ಟರ್ ಲೋಹಿಯಾ ಅವರೇ ಮುಂದೆ ಇಂಗ್ಲಿಷ್ ತೊಲಗಿಸುವ ಚಳವಳಿಯನ್ನೂ ಹೂಡಿದ್ದು ಆಕಸ್ಮಿಕವಲ್ಲ. ಗೇಣಿದಾರರ ಪರವಾಗಿ ನಿಂತು ೧೯೫೨ರಲ್ಲಿ ಮೈಸೂರು ವಿಧಾನಸಭೆಗೆ ಆರಿಸಿ ಹೋದ ಶಾಂತವೇರಿ ಗೋಪಾಲಗೌಡರು ಅಲ್ಲಿ ಕನ್ನಡಕ್ಕಾಗಿ ದನಿಯೆತ್ತಿದ್ದೂ ಆಕಸ್ಮಿಕವಲ್ಲ. ಭೂಮಿಯ ಪ್ರಶ್ನೆ, ಭಾಷೆಯ ಪ್ರಶ್ನೆ ಎರಡೂ ಅವರಿಗೆ ಒಂದೇ ಪ್ರಶ್ನೆಯಾಗಿತ್ತು. ಆ ಗಾಳಿ ತಾಕಿದ ಅನಂತಮೂರ್ತಿ, ಲಂಕೇಶ್, ತೇಜಸ್ವಿಯವರಿಂದ ಕನ್ನಡ ಸಾಹಿತ್ಯಕ್ಕೆ ಹೊಸ ಕಸುವು ಬಂದದ್ದನ್ನು ಎಲ್ಲರೂ ಬಲ್ಲರು.

ರಾಜ್ಯ ಒಂದಾದದ್ದು ೧೯೫೬ರಲ್ಲಿ. ಕನ್ನಡವನ್ನು ಆಡಳಿತ ಭಾಷೆಯೆಂದು ಕಾನೂನು ಮಾಡಿದ್ದು ೧೯೬೩ರಲ್ಲಿ. ಗೋಕಾಕ್ ವರದಿಗಾಗಿ ಊರೂರಿನ ಜನ ಬೀದಿಗಿಳಿದದ್ದು ೧೯೮೨ರಲ್ಲಿ. ಫಲವೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಪಹಣಿ ಕನ್ನಡದಲ್ಲಿದೆ, ತಾಲ್ಲೂಕು ಕಚೇರಿಯ ಕಾಗದ ಬಹುಮಟ್ಟಿಗೆ ಕನ್ನಡದಲ್ಲಿದೆ. ಆದರೆ ಮೇಲೆ ಹೋದಂತೆ ಕನ್ನಡ ತೆಳುವಾಗುತ್ತದೆ. ಹೈಕೋರ್ಟಿನಲ್ಲಿ ರಾಜ್ಯದ ಭಾಷೆಯನ್ನು ಬಳಸಲು ಸಂವಿಧಾನದ ೩೪೮ನೆಯ ವಿಧಿಯಲ್ಲಿಯೇ ಅವಕಾಶವಿದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿಗೆ ಆ ಅನುಮತಿ ದೊರೆತಿದೆ. ಕರ್ನಾಟಕ, ತಮಿಳುನಾಡು ಮೊದಲಾದ ರಾಜ್ಯಗಳ ಕೋರಿಕೆಗೆ ೨೦೧೨ರಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಕೊಡಲಿಲ್ಲ. ಹಿಂದಿಗೆ ಸಲ್ಲುವ ನ್ಯಾಯ ಕನ್ನಡಕ್ಕೇಕೆ ಸಲ್ಲದು? ಈ ಪ್ರಶ್ನೆಗೆ ದೆಹಲಿಯವರು ಉತ್ತರ ಕೊಡತಕ್ಕದ್ದು. ನಮ್ಮ ಪಾರ್ಲಿಮೆಂಟ್ ಸದಸ್ಯರು ಅದನ್ನು ಕೇಳತಕ್ಕದ್ದು.

ಶಾಲೆಯ ಸಂಗತಿ ಇನ್ನೂ ಕಹಿಯಾದುದು. ಪ್ರಾಥಮಿಕ ಶಿಕ್ಷಣದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡಲಾಗದೆಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ತೀರ್ಪಿತ್ತಿತು. ಮಾಧ್ಯಮವನ್ನು ಆರಿಸುವುದು ತಾಯ್ತಂದೆಯರ ಹಕ್ಕೆಂದು ಹೇಳಿತು. ಆದರೆ ಈ ಹಕ್ಕು ಕಾಸಿದ್ದವನ ಹಕ್ಕು. ತೋಟದ ಲೈನಿನಲ್ಲಿರುವ ತಾಯಿ ಏನನ್ನು ಆರಿಸಿಯಾಳು? ೨೦೧೯ರಲ್ಲಿ ಸರ್ಕಾರ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಕೊಳಗ ಮೋಸದ್ದೆಂದು ಕೂಗಿದವರಿಗೆ ಕೊಳಗವನ್ನು ಸರಿಪಡಿಸಿ ಕೊಡುವ ಬದಲು, ನಿಮಗೂ ಅಂಥದೇ ಒಂದು ಸಣ್ಣ ಕೊಳಗ ಕೊಡುತ್ತೇವೆಂದ ಹಾಗಾಯಿತು.

ನಮ್ಮೆದುರು ನಿಂತು ವಾದಿಸುವವರಲ್ಲಿ ಗೌರವಕ್ಕೆ ಅರ್ಹರಾದವರೂ ಇದ್ದಾರೆ. ಕಡೂರಿನ ಒಬ್ಬ ದಲಿತ ತಂದೆ ಹೀಗೆ ಕೇಳುತ್ತಾನೆ ಎನ್ನೋಣ: "ಸ್ವಾಮಿ, ನಿಮ್ಮ ಕನ್ನಡ ನನ್ನನ್ನು ಊರ ಬಾವಿಗೆ ಸೇರಿಸಲಿಲ್ಲ. ಇಂಗ್ಲಿಷಾದರೂ ನನ್ನ ಮಗಳನ್ನು ಬೆಂಗಳೂರು ಸೇರಿಸೀತು. ನಿಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಓದುತ್ತಿರುವಾಗ ನನ್ನವಳಿಗೆ ಮಾತ್ರ ಕನ್ನಡದ ಉಪದೇಶವೇಕೆ?" ಈ ಪ್ರಶ್ನೆ ನ್ಯಾಯವಾದುದು. ವೇದಿಕೆಯ ಮೇಲೆ ಕನ್ನಡದ ಭಾಷಣ ಮಾಡಿ ಮಕ್ಕಳನ್ನು ದುಬಾರಿ ಇಂಗ್ಲಿಷ್ ಶಾಲೆಗೆ ಕಳುಹಿಸುವ ನಾಯಕರಿಗೆ ಅವನೆದುರು ತಲೆಯೆತ್ತುವ ಯೋಗ್ಯತೆಯಿಲ್ಲ. ನಮ್ಮ ಉತ್ತರವಿಷ್ಟೆ: ಇಂಗ್ಲಿಷನ್ನು ಒಂದು ಭಾಷೆಯಾಗಿ ಎಲ್ಲ ಮಕ್ಕಳಿಗೂ ಚೆನ್ನಾಗಿ ಕಲಿಸಿರಿ, ಲೈನಿನ ಮಗುವಿಗೆ ಎಲ್ಲರಿಗಿಂತ ಚೆನ್ನಾಗಿ ಕಲಿಸಿರಿ. ಆದರೆ ಗಣಿತವನ್ನೂ ವಿಜ್ಞಾನವನ್ನೂ ತಿಳಿಯದ ಮಾತಿನಲ್ಲಿ ಬಾಯಿಪಾಠ ಮಾಡಿಸಿ ಆ ಮಗುವನ್ನು ದಡ್ಡನೆಂದು ಕರೆಯಬೇಡಿರಿ. ಒಡೆಯನ ಮಗನೂ ಆಳಿನ ಮಗನೂ ಒಂದೇ ಬೆಂಚಿನ ಮೇಲೆ ಕುಳಿತು ಓದುವ ಶಾಲೆ ಬರುವತನಕ ಮಾಧ್ಯಮದ ಜಗಳ ಮುಗಿಯುವುದಿಲ್ಲ.

ಕನ್ನಡಿಗರ ತಪ್ಪು

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತಾಗುತ್ತದೆ. ಇಂಗ್ಲಿಷಿನೆದುರು ಕನ್ನಡ ಕ್ರಿಯೋಲಿನ ಜಾಗದಲ್ಲಿ ನಿಂತಿದೆ, ನಿಜ. ಆದರೆ ಲಂಬಾಣಿಯೆದುರು, ತುಳುವಿನೆದುರು ಕನ್ನಡ ಯಾವ ಜಾಗದಲ್ಲಿ ನಿಂತಿದೆ? ೨೦೧೧ರ ಜನಗಣತಿಯಲ್ಲಿ ಲಂಬಾಣಿ ಆಡುವವರು ದೇಶದಲ್ಲಿ ಮೂವತ್ತೆರಡು ಲಕ್ಷಕ್ಕೂ ಹೆಚ್ಚು. ಅಷ್ಟು ಜನರನ್ನೂ ಹಿಂದಿಯ ಲೆಕ್ಕಕ್ಕೆ ಜಮೆ ಮಾಡಿದ್ದಾರೆ! ಕಡೂರಿನ ತಾಂಡಾದ ಮಗುವಿಗೆ ಹಿಂದಿಯೂ ಬಾರದು, ಶಾಲೆಗೆ ಬಂದ ಮೊದಲ ದಿನ ಕನ್ನಡವೂ ಬಾರದು. ದೆಹಲಿಯ ಲೆಕ್ಕದಲ್ಲಿ ಅದು ಹಿಂದಿಯ ಮಗು, ಬೆಂಗಳೂರಿನ ಲೆಕ್ಕದಲ್ಲಿ ಕನ್ನಡದ ಮಗು, ಮೇಷ್ಟರ ಲೆಕ್ಕದಲ್ಲಿ ಹಿಂದುಳಿದ ಮಗು. ಅದರ ಅವ್ವ ಹಬ್ಬಗಳಲ್ಲಿ ಹಾಡುವ ಹಾಡು ಯಾರ ಲೆಕ್ಕದಲ್ಲಿಯೂ ಇಲ್ಲ. ತುಳು ಆಡುವವರು ಅದೇ ಗಣತಿಯಲ್ಲಿ ಹದಿನೆಂಟು ಲಕ್ಷ ಮೀರಿದ್ದಾರೆ. ಪಾಡ್ದನಗಳ ದೊಡ್ಡ ಭಂಡಾರವಿರುವ ಆ ಭಾಷೆಗೂ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ ದೊರೆತಿಲ್ಲ.

ಕನ್ನಡದೊಳಗೂ ಮೇಲುಕೀಳಿದೆ. ದೇವನೂರ ಮಹಾದೇವರು ತಮ್ಮ ಸೀಮೆಯ ಜನರ ನುಡಿಯಲ್ಲಿ 'ಕುಸುಮಬಾಲೆ'ಯನ್ನು ಬರೆದಾಗ ಇದನ್ನು ಕನ್ನಡಕ್ಕೆ ಅನುವಾದಿಸಬೇಕೆಂದು ನಕ್ಕವರಿದ್ದರು. ಅದೇ ಕೃತಿಗೆ ೧೯೯೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಕ್ಕವರು ಆಡಿದ್ದು ಪ್ಯಾರಿಸಿನ ಕಡೆ ಮುಖಮಾಡಿದ್ದ ಹೈಟಿಯ ಪಂಡಿತರ ಮಾತನ್ನೇ. ತನ್ನ ಮೇಲಿನವನ ದರ್ಪವನ್ನು ಬೈಯುತ್ತ ತನ್ನ ಕೆಳಗಿನವನ ಮೇಲೆ ಅದನ್ನೇ ಚಲಾಯಿಸುವುದು ಮೇಸ್ತ್ರಿಯ ಗುಣ. ಕನ್ನಡ ಮೇಸ್ತ್ರಿಯಾಗಬಾರದು.

ಆದುದರಿಂದ ನಮ್ಮ ಒತ್ತಾಯಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ:

(೧) ತಾಂಡಾಗಳಲ್ಲಿ, ತೋಟದ ಲೈನುಗಳ ಹತ್ತಿರದ ಶಾಲೆಗಳಲ್ಲಿ ಮೊದಲ ಎರಡು ಮೂರು ವರ್ಷ ಮಗುವಿನ ಮನೆಮಾತನ್ನು ಬಲ್ಲ ಉಪಾಧ್ಯಾಯರನ್ನು ನೇಮಿಸಬೇಕು. ಆ ಮಾತಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಮಗುವಿನ ಕೈಹಿಡಿದು ನಡೆಸಬೇಕು.

(೨) ಶಾಲೆಯಲ್ಲಿ ಮನೆಮಾತನ್ನು ಆಡಿದ್ದಕ್ಕೆ ದಂಡ ಹಾಕುವ ನೀಚ ಪದ್ಧತಿ ಎಲ್ಲಿಯೇ ಇರಲಿ, ಸರ್ಕಾರದವರು ಅದನ್ನು ಅಪರಾಧವೆಂದು ಎಣಿಸಬೇಕು.

(೩) ಕೂಲಿಗಾರನ ಹೆಬ್ಬೆಟ್ಟನ್ನೋ ಸಹಿಯನ್ನೋ ಕೇಳುವ ಯಾವ ಕಾಗದವೂ, ಬ್ಯಾಂಕಿನದಿರಲಿ, ವಿಮೆಯದಿರಲಿ, ತೋಟದ್ದಿರಲಿ, ಕನ್ನಡದಲ್ಲಿರಬೇಕು; ಅವನ ಮಾತಿನಲ್ಲಿ ಓದಿ ಹೇಳಿರಬೇಕು. ಹಾಗೆ ಮಾಡದ ಕರಾರು ಊರ್ಜಿತವಾಗಬಾರದು.

(೪) ಹೈಕೋರ್ಟಿನಲ್ಲಿ ಕನ್ನಡಕ್ಕೆ ಅವಕಾಶ ದೊರೆಯುವವರೆಗೆ ರಾಜ್ಯ ಸರ್ಕಾರ ಬಿಡದೆ ಪಟ್ಟುಹಿಡಿಯಬೇಕು.

(೫) ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ನಮ್ಮ ತಾಲ್ಲೂಕುಗಳ ಲಂಬಾಣಿ ಹಾಡುಗಳನ್ನು, ತೋಟದ ಕೂಲಿಗಾರರ ಕಥೆಗಳನ್ನು ಹಾಡಿದವರ ಹೆಸರಿನೊಡನೆ ಸಂಗ್ರಹಿಸಿ ಪ್ರಕಟಿಸಬೇಕು. ಪ್ರೈಸ್ ಮಾರ್ಸ್ ಒಂಟಿಯಾಗಿ ಮಾಡಿದ್ದನ್ನು ಒಂದು ವಿಶ್ವವಿದ್ಯಾಲಯ ಮಾಡಲಾರದೆ?

ಇವು ಯಾವುದೂ ಆಕಾಶದ ಹೂವಲ್ಲ. ಹಣಕ್ಕಿಂತ ಹೆಚ್ಚಾಗಿ ಮನಸ್ಸು ಬೇಕಾದ ಕೆಲಸಗಳು. ಸರ್ಕಾರಕ್ಕೆ ಆ ಮನಸ್ಸು ತಾನಾಗಿ ಬರುವುದಿಲ್ಲವೆಂಬುದೂ ನಮಗೆ ಗೊತ್ತು. ಚುನಾವಣೆ ಬಂದಾಗ ತಾಂಡಾಕ್ಕೆ ಹೋಗಿ ಎರಡು ಲಂಬಾಣಿ ಮಾತು ಆಡುವ, ಲೈನಿಗೆ ಹೋಗಿ ತುಳುವಿನಲ್ಲಿ ಕುಶಲ ವಿಚಾರಿಸುವ ಕಲೆಯನ್ನು ನಮ್ಮ ರಾಜಕಾರಣಿಗಳು ಬಲ್ಲರು. ನೆಪೋಲಿಯನ್ನನೂ ಅದನ್ನು ಬಲ್ಲವನಾಗಿದ್ದ. ಓಟು ಕೇಳಿದ ಮಾತಿನಲ್ಲಿಯೇ ಲೆಕ್ಕವನ್ನೂ ಒಪ್ಪಿಸಿರಿ ಎಂದು ಅವರನ್ನು ತಡೆದು ನಿಲ್ಲಿಸುವುದು ಜನರ ಕೆಲಸ, ಕೂಲಿಗಾರರ ಸಂಘಗಳ ಕೆಲಸ, ನಮ್ಮ ಪಕ್ಷದ ಕಾರ್ಯಕರ್ತರ ಕೆಲಸ.

ಹೈಟಿ ತನ್ನ ಜನರ ಮಾತನ್ನು ಕಾನೂನಿನ ಪುಸ್ತಕದೊಳಕ್ಕೆ ತರಲು ನೂರ ಎಂಬತ್ತಮೂರು ವರ್ಷ ತೆಗೆದುಕೊಂಡಿತು. ನಮಗೆ ಸ್ವಾತಂತ್ರ್ಯ ಬಂದದ್ದು ೧೯೪೭ರಲ್ಲಿ. ನಾವೂ ಅಷ್ಟೇ ಕಾಲ ಕಾಯುವುದಾದರೆ ಇಂದು ಹೆಬ್ಬೆಯ ದಾರಿಯಲ್ಲಿ ತಾಯಿಯ ಸೆರಗು ಹಿಡಿದು ಹಣ್ಣು ಆಯುತ್ತಿರುವ ಮಗುವಿನ ಮೊಮ್ಮಕ್ಕಳಿಗೂ ನ್ಯಾಯ ಸಿಕ್ಕದು. ಕಾಗೋಡಿನವರು ಕೊಳಗ ತಾನಾಗಿ ಸರಿಹೋದೀತೆಂದು ಕಾದು ಕುಳಿತಿರಲಿಲ್ಲ. ನಾವೂ ಕುಳಿತಿರಬೇಕಾಗಿಲ್ಲ.